ಕೂಲರಿನ ಎದುರಿನ ಕಿಟಕಿ

ನಾಗಪುರಕ್ಕೆ ವರ್ಗವಾಗಿ ಬಂದ ಮೊದಲ ಬೇಸಿಗೆಯಲ್ಲಿ ನಾನು ಮಾಡಿದ ಮೊದಲ ತಪ್ಪು ಕಿಟಕಿ ಮುಚ್ಚಿದ್ದು. ಹೊರಗೆ ಬೆಂಕಿಗಾಳಿ ಬೀಸುತ್ತಿರುವಾಗ ಕಿಟಕಿ ತೆರೆದಿಡಲು ಯಾವ ಧಾರವಾಡದವನಿಗೆ ಮನಸ್ಸು ಬಂದೀತು? ಹಾಲ್‌ನ ಒಂದು ಕಿಟಕಿಗೆ ಎದೆಯೆತ್ತರದ ಕೂಲರ್ ಕೂರಿಸಿ, ಉಳಿದ ಕಿಟಕಿ ಬಾಗಿಲುಗಳನ್ನೆಲ್ಲ ಭದ್ರಪಡಿಸಿ, ಇನ್ನೇನು ತಣ್ಣಗಾಗುತ್ತದೆಂದು ಕಾದು ಕೂತೆವು. ಅರ್ಧ ಗಂಟೆಯಲ್ಲಿ ಮನೆ ಇಡ್ಲಿ ಪಾತ್ರೆಯಾಯಿತು. ಗೋಡೆ ಪಸೆ, ಹಾಸಿಗೆ ಪಸೆ, ಅಂಗಿ ಬೆನ್ನಿಗೆ ಅಂಟು. ಡಬ್ಬಿ ವಾಪಸು ಕೊಡಲು ಬಂದ ಎದುರು ಮನೆಯ ಕಾಕು ಹೊಸ್ತಿಲಲ್ಲೇ ನಿಂತು ನಕ್ಕರು. ಅವರ ವರ್ಹಾಡಿ ಮರಾಠಿಯನ್ನು ಕನ್ನಡಕ್ಕೆ ತಂದರೆ ಹೇಳಿದ್ದು ಇಷ್ಟೇ: "ಎದುರಿನ ಖಿಡ್ಕಿ ತೆಗೀರಿ. ಇದ್ದ ಗಾಳಿ ಹೊರಗೆ ಹೋಗದೆ ಹೊಸದು ಒಳಗೆ ಹೇಗೆ ಬರ್ತದೆ?"

ಕೂಲರಿನ ವಿದ್ಯೆ ಸರಳ. ಒಣಗಾಳಿ ಒದ್ದೆ ತಟ್ಟಿಯ ಮೂಲಕ ನುಗ್ಗುವಾಗ ನೀರು ಆವಿಯಾಗುತ್ತದೆ, ಆವಿಯಾಗಲು ಬೇಕಾದ ಶಾಖವನ್ನು ಗಾಳಿಯಿಂದಲೇ ಕಿತ್ತುಕೊಳ್ಳುತ್ತದೆ, ಗಾಳಿ ತಂಪಾಗುತ್ತದೆ. ಆದರೆ ಆ ಗಾಳಿ ತೇವವನ್ನೂ ಹೊತ್ತು ತಂದಿರುತ್ತದೆ. ಅದಕ್ಕೆ ಹೊರಹೋಗುವ ದಾರಿ ಇಲ್ಲದಿದ್ದರೆ ಕೋಣೆ ಕುದಿಯತೊಡಗುತ್ತದೆ. ಮೇ ಕೊನೆಯಲ್ಲಿ ಇಲ್ಲಿಯವರು ನವತಪಾ ಎಂದು ಕರೆಯುವ ಒಂಬತ್ತು ದಿನ ಬರುತ್ತವೆ. ಉಷ್ಣಾಂಶ 45 ಡಿಗ್ರಿ ದಾಟುವುದು ಈ ಊರಿಗೆ ಹೊಸದಲ್ಲ. ಅಂಥ ದಿನಗಳಲ್ಲೂ ಹಳೆಯ ಮನೆಗಳಲ್ಲಿ ಜನ ಲಾವಂಚದ ತಟ್ಟಿಗೆ ನೀರು ಹೊಯ್ದು, ಎದುರಿನ ಕಿಟಕಿಯನ್ನು ನಾಲ್ಕು ಬೆರಳು ತೆರೆದಿಟ್ಟು ಮಧ್ಯಾಹ್ನ ನಿದ್ದೆ ತೆಗೆಯುತ್ತಾರೆ.

ಆ ಬೇಸಿಗೆಯಲ್ಲಿ ನನಗೆ ತಲೆಯೊಳಗೂ ಅದೇ ಗತಿಯಾಗಿತ್ತು. ಹೊಸ ಊರು, ಹೊಸ ಭಾಷೆ, ಊರಲ್ಲಿ ಒಂಟಿಯಾದ ಅಮ್ಮ, ಮಾರ್ಚ್ ಲೆಕ್ಕಪತ್ರದ ಬಾಕಿ. ಶಾಂತಿ ಬೇಕೆಂದು ನಾನು ಮಾಡುತ್ತಿದ್ದ ಉಪಾಯಗಳೆಲ್ಲ ಕಿಟಕಿ ಮುಚ್ಚುವವೇ ಆಗಿದ್ದವು. ಪೇಪರ್ ಓದುವುದು ಬಿಟ್ಟೆ. ಊರಿನ ಫೋನ್ ಎತ್ತುವುದು ತಪ್ಪಿಸಿದೆ. ಕಿವಿಗೆ ಇಯರ್‌ಫೋನ್ ತುರುಕಿಕೊಂಡೆ. ಮೊದಲೆರಡು ದಿನ ತಂಪು, ಮೂರನೆಯ ದಿನ ಅದೇ ಪಸೆ. ಈ ಲೇಖನದಲ್ಲಿ ಹೇಳುವ ಉಪಾಯಗಳೆಲ್ಲ ಈ ಊರು ಮತ್ತು ಇದರ ಸುತ್ತಲಿನ ಜಾಗಗಳು ಕಲಿಸಿದವು. ಧಾರವಾಡದಲ್ಲೋ ದಾವಣಗೆರೆಯಲ್ಲೋ ಕೂತು ಮಾಡಲು ಅಡ್ಡಿಯಿಲ್ಲ.

ಕನ್ನಡದಲ್ಲಿ ಶಾಂತಿ ಎಂಬ ಮಾತನ್ನು ನಾವು ಹೆಚ್ಚಾಗಿ ಪೂಜೆಗೆ ಇಟ್ಟಿದ್ದೇವೆ: ಗ್ರಹಶಾಂತಿ, ಅರವತ್ತರ ಶಾಂತಿ. ರಾತ್ರಿ ಚೆನ್ನಾಗಿ ನಿದ್ದೆ ಬಂದರೆ "ಶಾಂತಿಯಾಗಿ ಮಲಗಿದೆ" ಅನ್ನುವುದಿಲ್ಲ, "ನೆಮ್ಮದಿಯಾಗಿ ಮಲಗಿದೆ" ಅನ್ನುತ್ತೇವೆ. ನನ್ನ ಕಿವಿಗೆ ಆ ಮಾತಿನಲ್ಲಿ "ನೆಮ್ಮು" ಕೇಳಿಸುತ್ತದೆ. ನೆಮ್ಮು ಅಂದರೆ ಒರಗು, ಆತುಕೋ. ಬೆನ್ನಿಗೊಂದು ಗೋಡೆ ಸಿಕ್ಕ ಹಾಗೆ. ಇಲ್ಲಿಂದ ಮುಂದೆ ನಾನೂ ನೆಮ್ಮದಿ ಎಂದೇ ಬರೆಯುತ್ತೇನೆ.

ಮೂಗಿನ ಕೆಳಗಿನ ಒಂದಂಗುಲ

ನಾಗಪುರದ ಹೊರಗೆ, ಕಳಮೇಶ್ವರ ರಸ್ತೆಯ ಕಡೆ ಮಾಹುರ್‌ಝರಿ ಎಂಬ ಹಳ್ಳಿಯ ಬಳಿ ಧಮ್ಮನಾಗ ಎಂಬ ವಿಪಶ್ಯನಾ ಧ್ಯಾನಕೇಂದ್ರವಿದೆ. ಬೆಂಗಳೂರಿನವರಿಗೆ ತುಮಕೂರು ರಸ್ತೆಯ ಆಲೂರಿನಲ್ಲಿರುವ ಧಮ್ಮ ಪಫುಲ್ಲ ಗೊತ್ತಿರಬಹುದು, ಅದೇ ಪದ್ಧತಿ. ಇದನ್ನು ಭಾರತದಲ್ಲಿ ಹಬ್ಬಿಸಿದವರು ಎಸ್. ಎನ್. ಗೋಯೆಂಕಾ. ಅವರು 1924ರಲ್ಲಿ ಬರ್ಮಾದ ಮಾಂಡಲೆಯಲ್ಲಿ ಹುಟ್ಟಿದವರು, ವ್ಯಾಪಾರಸ್ಥರು. ಅವರು ಗುರು ಸಯಾಜಿ ಉ ಬಾ ಖಿನ್ ಅವರ ಬಳಿಗೆ ಹೋದದ್ದು ಮೋಕ್ಷಕ್ಕಾಗಿ ಅಲ್ಲ, ಯಾವ ಔಷಧಕ್ಕೂ ಬಗ್ಗದ ಅರೆತಲೆನೋವಿಗಾಗಿ. ಆ ಗುರುಗಳೂ ಸನ್ಯಾಸಿಯಲ್ಲ, ಸರ್ಕಾರಿ ಲೆಕ್ಕಪತ್ರ ಇಲಾಖೆಯ ದೊಡ್ಡ ಅಧಿಕಾರಿ. ಲೆಕ್ಕ ಬರೆದು ಹೊಟ್ಟೆ ಹೊರೆಯುವ ನನ್ನಂಥವನಿಗೆ ಈ ಸಂಗತಿಯೇ ಅರ್ಧ ಧೈರ್ಯ ಕೊಟ್ಟಿತು. ಗೋಯೆಂಕಾ 1969ರಲ್ಲಿ ಭಾರತಕ್ಕೆ ಬಂದು ಶಿಬಿರ ಶುರು ಮಾಡಿದರು, 2013ರಲ್ಲಿ ತೀರಿಕೊಂಡರು. ಈಗಲೂ ಶಿಬಿರಗಳಲ್ಲಿ ಅವರ ಧ್ವನಿಮುದ್ರಣವೇ ಪಾಠ ಹೇಳುತ್ತದೆ. ಕನ್ನಡ ಅನುವಾದವೂ ಇದೆ, ಅರ್ಜಿಯಲ್ಲಿ ಕೇಳಿಕೊಳ್ಳಬೇಕು.

ಹತ್ತು ದಿನದ ಶಿಬಿರ. ಹೋಗುತ್ತಲೇ ಫೋನ್ ಒಪ್ಪಿಸಬೇಕು. ಬೆಳಗಿನ 4 ಗಂಟೆಗೆ ಗಂಟೆ ಬಾರಿಸುತ್ತದೆ, 4.30ಕ್ಕೆ ಧ್ಯಾನ. 6.30ಕ್ಕೆ ತಿಂಡಿ, 11ಕ್ಕೆ ಊಟ, ಸಂಜೆ 5ಕ್ಕೆ ಹೊಸಬರಿಗೆ ಚಹಾ ಮತ್ತು ಹಣ್ಣು. ಆಮೇಲೆ ಬೆಳಗಿನ ತನಕ ಏನೂ ಇಲ್ಲ. ಮಾತಿಲ್ಲ, ಸನ್ನೆಯಿಲ್ಲ, ಓದು ಬರಹವಿಲ್ಲ. ಹತ್ತನೆಯ ದಿನ ಮೌನ ಬಿಡುತ್ತದೆ. ಶುಲ್ಕವಿಲ್ಲ, ಮುಗಿಸಿದವರು ಮನಸ್ಸಿದ್ದರೆ ದಾನ ಕೊಡಬಹುದು. ಗಂಭೀರ ಮಾನಸಿಕ ಕಾಯಿಲೆ ಇದ್ದವರು ಅದನ್ನು ಅರ್ಜಿಯಲ್ಲಿ ಮುಚ್ಚಿಡಬಾರದು, ವೈದ್ಯರನ್ನು ಕೇಳದೆ ಹೋಗಲೂಬಾರದು. ಹತ್ತು ದಿನ ಬಾಯಿ ಮುಚ್ಚಿ ಕೂರುವುದು ಎಲ್ಲರ ಮೈಮನಸ್ಸಿಗೂ ಒಗ್ಗುವ ಔಷಧವಲ್ಲ.

ನಾನು ಹೋದೆ. ಮೊದಲ ಮೂರು ದಿನ ಬರೀ ಉಸಿರು. ಎರಡನೆಯ ದಿನ ಮಧ್ಯಾಹ್ನ ನನ್ನ ತಲೆಯೊಳಗೆ ನಡೆದದ್ದು ಧ್ಯಾನವಲ್ಲ, ಹನ್ನೆರಡು ವರ್ಷ ಹಿಂದೆ ಮನೆ ಪಾಲಾದಾಗ ಆಡಬೇಕಾಗಿದ್ದು ಆಡದೇ ಉಳಿದ ಮಾತುಗಳ ಮೆರವಣಿಗೆ. ಅದನ್ನು ತಡೆಯಬೇಡಿ, ಓಡಿಸಬೇಡಿ, ಬಂತೆಂದು ತಿಳಿದು ಮತ್ತೆ ಉಸಿರಿಗೆ ಬನ್ನಿ ಎಂಬುದೇ ಅಲ್ಲಿನ ಪಾಠ. ಕಾಕು ಹೇಳಿದ ಎದುರಿನ ಖಿಡ್ಕಿ ನನಗೆ ನೆನಪಾದದ್ದು ಅಲ್ಲಿಯೇ.

ಮನೆಗೆ ಬಂದ ಮೇಲೆ ದಿನಕ್ಕೆರಡು ಹೊತ್ತು ಒಂದೊಂದು ಗಂಟೆ ಕೂರಲು ಅವರು ಹೇಳುತ್ತಾರೆ. ನನ್ನಿಂದ ಒಂದು ವಾರ ಆಯಿತು. ಈಗ ಉಳಿದಿರುವುದು ಬೆಳಿಗ್ಗೆ ಹತ್ತು ನಿಮಿಷ, ಅದೂ ವಾರಕ್ಕೆ ಐದು ದಿನ. ನೀವು ಮಾಡುವುದಾದರೆ ಹೀಗೆ ಮಾಡಿ. ಕುರ್ಚಿಯಲ್ಲೇ ಕೂರಿ, ಮಂಡಿನೋವಿದ್ದವರು ಪದ್ಮಾಸನದ ಹಟ ಬಿಡಿ. ಬೆನ್ನು ನೇರ, ಕಣ್ಣು ಮುಚ್ಚಿ. ಮೂಗಿನ ಹೊಳ್ಳೆಯ ಕೆಳಗೆ, ಮೇಲ್ದುಟಿಯ ಮೇಲಿನ ಒಂದಂಗುಲ ಜಾಗದಲ್ಲಿ ಉಸಿರು ಹೋಗುವುದು ಬರುವುದು ತಿಳಿಯುತ್ತದೆಯೇ ನೋಡಿ. ಉದ್ದ ಮಾಡಲು ಹೋಗಬೇಡಿ, ಬಂದದ್ದು ಬಂದ ಹಾಗೆ. ಮನಸ್ಸು ಹಾಲಿನ ಲೆಕ್ಕಕ್ಕೆ ಹೋಯಿತೇ, ಹೋಯಿತೆಂದು ಗೊತ್ತಾದ ಗಳಿಗೆಯಲ್ಲೇ ವಾಪಸು ಬನ್ನಿ. ಹತ್ತು ನಿಮಿಷದಲ್ಲಿ ಐವತ್ತು ಸಲ ಹೋಗಿ ಐವತ್ತು ಸಲ ಬಂದರೂ ಕೆಲಸ ಕೆಟ್ಟಿಲ್ಲ; ಆ ಬರುವುದೇ ಕೆಲಸ.

ಆಫೀಸಿನಲ್ಲಿ ಯಾರೋ ರೇಗಿಸಿದಾಗ ಹತ್ತು ನಿಮಿಷ ಎಲ್ಲಿ ತರುವುದು? ಆಗ ಇನ್ನೊಂದು ಉಪಾಯ, ಇದು ವಿಪಶ್ಯನೆಯದಲ್ಲ. ಉಸಿರು ತೆಗೆದುಕೊಳ್ಳುವಾಗ ಹೃದಯದ ಬಡಿತ ತುಸು ಏರುತ್ತದೆ, ಬಿಡುವಾಗ ತುಸು ಇಳಿಯುತ್ತದೆ. ಹಾಗಾಗಿ ನಾಲ್ಕು ಎಣಿಸುತ್ತ ತೆಗೆದುಕೊಂಡು ಏಳೆಂಟು ಎಣಿಸುತ್ತ ಬಿಟ್ಟರೆ, ಐದಾರು ಸುತ್ತಿನಲ್ಲಿ ಕೈ ನಡುಕ ಇಳಿಯುತ್ತದೆ. ಕೋಪ ಹೋಗುವುದಿಲ್ಲ. ಉತ್ತರ ಕೊಡುವ ಮೊದಲು ಒಂದು ನಿಮಿಷ ಸಿಗುತ್ತದೆ, ಎಷ್ಟೋ ಸಲ ಅಷ್ಟು ಸಾಕು.

ಸೋಮವಾರದ ಚೀಟಿಗಳು

ನಾಗಪುರದಿಂದ ಸುಮಾರು 75 ಕಿಲೋಮೀಟರ್ ದೂರದಲ್ಲಿ ಸೇವಾಗ್ರಾಮ. ರೈಲಿನಲ್ಲಿ ವರ್ಧಾಕ್ಕೆ ಹೋಗಿ ಅಲ್ಲಿಂದ ಆಟೋ ಹಿಡಿದರೆ ಆಯಿತು. ಗಾಂಧಿ 1936ರಲ್ಲಿ ಬಂದು ನೆಲೆಸಿದಾಗ ಆ ಹಳ್ಳಿಗೆ ಸೇಗಾಂವ್ ಎಂದು ಹೆಸರು. ಗಜಾನನ ಮಹಾರಾಜರ ಶೇಗಾಂವ್ ಜತೆ ಟಪಾಲು ಕಲಸಿ ಹೋಗುತ್ತಿತ್ತೆಂದು 1940ರಲ್ಲಿ ಸೇವಾಗ್ರಾಮ ಎಂದು ಬದಲಿಸಿದರು. ಮಣ್ಣಿನ ಗೋಡೆ, ಹಂಚಿನ ಮಾಡು, ಬಿದಿರು. ಬಾಪು ಕುಟಿಯ ಒಳಗೆ ಕಾಲಿಟ್ಟವರು ತಾವಾಗಿಯೇ ದನಿ ತಗ್ಗಿಸುತ್ತಾರೆ.

ಅಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕುಟಿಯಲ್ಲ, ಪಕ್ಕದ ದಫ್ತರದಲ್ಲಿರುವ ಟೆಲಿಫೋನ್ ಗೂಡು. ಗಾಂಧಿಯ ಜೊತೆ ತುರ್ತಾಗಿ ಮಾತಾಡಲು ಅನುಕೂಲವಾಗಲೆಂದು ವೈಸ್‌ರಾಯ್ ಲಿನ್‌ಲಿತ್‌ಗೋ ಹಾಕಿಸಿದ್ದು. ದೇಶದ ಭವಿಷ್ಯವೇ ಆ ತಂತಿಯಲ್ಲಿ ಬರಬಹುದಾಗಿತ್ತು. ಆದರೂ ಅದು ಇದ್ದದ್ದು ಮಲಗುವ ಚಾಪೆಯ ಪಕ್ಕದಲ್ಲಿ ಅಲ್ಲ. ನಮ್ಮ ಫೋನಿನಲ್ಲಿ ಬರುವುದು ಓಣಿಯ ಗ್ರೂಪಿನ ಶುಭೋದಯ, ಅದನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತೇವೆ. ಅಲ್ಲಿಂದ ಬಂದ ರಾತ್ರಿಯೇ ನಮ್ಮ ಮನೆಯಲ್ಲಿ ಚಾರ್ಜರನ್ನು ಮಲಗುವ ಕೋಣೆಯಿಂದ ಅಡುಗೆಮನೆಯ ಹೊರಗಿನ ಕಟ್ಟೆಗೆ ಸಾಗಿಸಿದೆವು. ಗಂಟೆ ಹೊಡೆದರೆ ಕೇಳುತ್ತದೆ, ಕೈಗೆ ಸಿಗುವುದಿಲ್ಲ. ಬೆಳಿಗ್ಗೆ ಏಳಲು ನೂರೈವತ್ತು ರೂಪಾಯಿಯ ಅಲಾರಂ ಗಡಿಯಾರ ತಂದೆವು. ನಾನು ಮಾಡಿಕೊಂಡ ಬದಲಾವಣೆಗಳಲ್ಲಿ ಅತಿ ಅಗ್ಗದ್ದೂ ಅತಿ ಫಲ ಕೊಟ್ಟದ್ದೂ ಇದೇ. ಬೇರೇನೂ ಮಾಡಲು ಮನಸ್ಸಿಲ್ಲದವರು ಇದೊಂದನ್ನು ಮಾಡಿ ಲೇಖನ ಇಲ್ಲಿಗೇ ಬಿಡಬಹುದು.

ಗಾಂಧಿಯ ಸೋಮವಾರದ ಮೌನ ಎಲ್ಲರಿಗೂ ಗೊತ್ತು. ಅದು ಕಿಟಕಿಯಿಲ್ಲದ ಮೌನವಲ್ಲ ಎನ್ನುವುದು ಅಷ್ಟಾಗಿ ಗೊತ್ತಿಲ್ಲ. 1947ರ ಜೂನ್ 2, ಸೋಮವಾರ. ದೆಹಲಿಯಲ್ಲಿ ಮೌಂಟ್‌ಬ್ಯಾಟನ್ ದೇಶವಿಭಜನೆಯ ಯೋಜನೆ ಹಿಡಿದು ಎದುರು ಕೂತಿದ್ದಾರೆ. ಗಾಂಧಿ ಬಾಯಿ ಬಿಡಲಿಲ್ಲ, ಹಳೆಯ ಲಕೋಟೆಗಳ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದುಕೊಟ್ಟರು. ಮೌನವ್ರತ ಹಿಡಿದಾಗ ತಾನು ಎರಡು ವಿನಾಯಿತಿ ಇಟ್ಟುಕೊಂಡಿದ್ದೆ ಎಂಬುದನ್ನೂ ಅದರಲ್ಲೇ ಬರೆದರು: ದೊಡ್ಡ ಅಧಿಕಾರಿಗಳೊಡನೆ ತುರ್ತು ವಿಷಯ ಮಾತಾಡುವುದು, ರೋಗಿಗಳ ಆರೈಕೆ. ಮೌಂಟ್‌ಬ್ಯಾಟನ್‌ಗೆ ತನ್ನ ಮೌನ ಮುರಿಸುವ ಇಚ್ಛೆಯಿಲ್ಲವೆಂದು ತಿಳಿದು ಗಾಂಧಿ ವಿನಾಯಿತಿ ಬಳಸಲಿಲ್ಲ. ಇತಿಹಾಸದ ದೃಷ್ಟಿಯಿಂದ ಆ ಮೌನ ಸರಿಯೋ ತಪ್ಪೋ ಎಂಬ ವಾದ ಬೇರೆ. ನಮ್ಮಂಥವರಿಗೆ ಬೇಕಾದದ್ದು ಆ ವಿನಾಯಿತಿಯ ಜಾಣತನ.

ನಾವು ಹಾಕಿಕೊಳ್ಳುವ ನಿಯಮಗಳು ಮುರಿಯುವುದು ವಿನಾಯಿತಿಯನ್ನು ಮೊದಲೇ ಹೇಳಿಕೊಳ್ಳದೆ ಇರುವುದರಿಂದ. "ಇವತ್ತಿನಿಂದ ರಾತ್ರಿ ಫೋನ್ ಮುಟ್ಟುವುದಿಲ್ಲ" ಎನ್ನುತ್ತೇವೆ, ಮೂರನೆಯ ರಾತ್ರಿ ಅಮ್ಮನ ಫೋನ್ ಬರುತ್ತದೆ, ಎತ್ತುತ್ತೇವೆ, ಎತ್ತಿದ ಮೇಲೆ ನಿಯಮ ಹೇಗೂ ಮುರಿಯಿತಲ್ಲ ಎಂದು ಒಂದು ಗಂಟೆ ರೀಲ್ಸ್ ನೋಡುತ್ತೇವೆ. ಅದರ ಬದಲು ಹೀಗೆ: ರಾತ್ರಿ 9.30ರ ಮೇಲೆ ಫೋನ್ ಇಲ್ಲ. ಅಮ್ಮ, ಆಸ್ಪತ್ರೆ, ಈ ಎರಡು ಬಿಟ್ಟು. ಮನೆಯವರಿಗೂ ಆಫೀಸಿನ ಒಬ್ಬಿಬ್ಬರಿಗೂ ಇದನ್ನು ಹೇಳಿಬಿಡಿ. ಫೋನಿನಲ್ಲೇ ಆಯ್ದ ನಂಬರುಗಳಿಗೆ ಮಾತ್ರ ಗಂಟೆ ಹೊಡೆಯುವ ಏರ್ಪಾಡು ಇರುತ್ತದೆ, ಅರ್ಧ ತಾಸು ಕೂತು ಮಕ್ಕಳಿಂದ ಹಾಕಿಸಿಕೊಳ್ಳಿ.

ಎಸಿ ಹಾಕಿದವನ ನೆಮ್ಮದಿ

ಇನ್ನು ನನ್ನ ಮರ್ಯಾದೆಗೆ ಸಂಬಂಧಪಟ್ಟ ಒಂದು ಮಾತು. ಬೆಳಿಗ್ಗೆ ಹತ್ತು ನಿಮಿಷ ಕೂರುವ ಹೊಸ ಅಭ್ಯಾಸದ ಹುಮ್ಮಸ್ಸಿನಲ್ಲಿ ಮನೆಯಲ್ಲೆಲ್ಲ ಸದ್ದು ಮಾಡಬಾರದೆಂದು ಕಟ್ಟಪ್ಪಣೆ ಮಾಡಿದ್ದೆ. ಒಂದು ದಿನ ಕಣ್ಣು ಮುಚ್ಚಿ ಕೂತಾಗ ಕುಕ್ಕರ್ ನಾಲ್ಕನೆಯ ಸೀಟಿ ಹೊಡೆಯಿತು. ನಾನು ಒಂದು ಕಣ್ಣು ತೆರೆದೆ. ಹೆಂಡತಿ ಮಗನ ಬೂಟಿಗೆ ಪಾಲಿಶ್ ಹಾಕುತ್ತ ಅಲ್ಲೇ ಇದ್ದಳು. "ನಿಮ್ಮ ಧ್ಯಾನ ಮುಗೀತನ? ಹಂಗಾದ್ರ ಗ್ಯಾಸ್ ಬಂದ್ ಮಾಡ್ರಿ. ನಿಮ್ಮ ಶಾಂತಿಗೆ ನಾ ಎಷ್ಟ್ ದಿನಾ ಅಂತ ಕಾವಲು ಕೂಡ್ಲಿ?"

ಕೂಲರ್ ಬೇರೆ, ಎಸಿ ಬೇರೆ. ಎಸಿ ತನ್ನ ಕೋಣೆಯನ್ನು ತಂಪು ಮಾಡಿ ಬಿಸಿಯನ್ನು ಪಕ್ಕದವರ ಬಾಲ್ಕನಿಗೆ ಉಗುಳುತ್ತದೆ. ನನ್ನದು ಎಸಿಯ ನೆಮ್ಮದಿಯಾಗಿತ್ತು. ನಮ್ಮ ಮನೆಗಳಲ್ಲಿ ಗಂಡಸರ ನೆಮ್ಮದಿ ಬಹುಪಾಲು ಹೀಗೇ ಇರುತ್ತದೆ ಎಂಬುದು ನನ್ನ ಗುಮಾನಿ: ಪೇಪರ್, ಚಹಾ, ವಾಕಿಂಗ್, ಧ್ಯಾನ, ಎಲ್ಲದರ ಹಿಂದೆ ಯಾರೋ ಒಲೆ ಕಾಯುತ್ತಿರುತ್ತಾರೆ. ಹಾಗಾಗಿ ನಿಮ್ಮ ಹತ್ತು ನಿಮಿಷ ಹುಡುಕುವ ಮುನ್ನ ಮನೆಯಲ್ಲಿ ಹತ್ತು ನಿಮಿಷವೂ ಇಲ್ಲದವರು ಯಾರೆಂದು ನೋಡಿ. ಒಂದು ದಿನ ಬೆಳಗಿನಿಂದ ರಾತ್ರಿಯವರೆಗೆ ಯಾರನ್ನು ಎಷ್ಟು ಸಲ ಹೆಸರು ಹಿಡಿದು ಕೂಗಿದೆವು ಎಂದು ಚೀಟಿಯಲ್ಲಿ ಗೆರೆ ಎಳೆಯುತ್ತ ಹೋಗಿ. ನಮ್ಮ ಮನೆಯಲ್ಲಿ ಗೆರೆ ಹಾಕುವ ಜಾಗ ಸಾಲಲಿಲ್ಲ.

ಈಗ ಸಂಜೆ 5ರಿಂದ 5.30 ಆಕೆಯದು. ಬಾಗಿಲು ಬಡಿದರೆ, ಹಾಲಿನವನು ಬಂದರೆ, ಮಗ ಕಂಪಾಸ್ ಹುಡುಕಿದರೆ ಅದು ಮನೆಯಲ್ಲಿದ್ದ ಉಳಿದವರ ಪಾಡು. ಆಕೆ ಧ್ಯಾನ ಮಾಡುತ್ತಾಳೆಂದು ತಿಳಿಯಬೇಡಿ. ಕಾಕು ಜೊತೆ ಮಾಳಿಗೆಗೆ ಹೋಗಿ ಕೂರುತ್ತಾಳೆ. ಕಾಕು ಹುಳಿ ಮಾವಿನ ಪನ್ಹಾ ತರುತ್ತಾರೆ, ಇವಳು ಅವಲಕ್ಕಿ ಒಯ್ಯುತ್ತಾಳೆ. ಏನು ಮಾತಾಡುತ್ತಾರೆ ಎಂದು ನಾನು ಕೇಳಿಲ್ಲ.

ಹತ್ತು ಗಂಟೆಯ ಮೇಲಿನ ಡೊಳ್ಳು

ಒಳಗಿನ ನೆಮ್ಮದಿಗೆ ಹೊರಗಿನ ಸದ್ದು ಅಡ್ಡಿಯಲ್ಲ ಎಂದು ಪ್ರವಚನಕಾರರು ಹೇಳುತ್ತಾರೆ, ಅದೂ ಮೈಕಿನಲ್ಲಿ. ನಾನು ಒಪ್ಪುವುದಿಲ್ಲ. ರಾತ್ರಿ ನಿದ್ದೆ ಕೆಟ್ಟವನಿಗೆ ಬೆಳಿಗ್ಗೆ ಯಾವ ಉಸಿರಾಟವೂ ಕೈ ಹಿಡಿಯುವುದಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ ಎಂದರೆ 10ರಿಂದ ಬೆಳಿಗ್ಗೆ 6. ಆ ಹೊತ್ತಿನಲ್ಲಿ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಹಬ್ಬಗಳಿಗೆಂದು ರಾಜ್ಯ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು. ಉಳಿದ 350 ದಿನ ನಿಮ್ಮ ಪರವಾಗಿ ಕಾನೂನಿದೆ.

ಆದರೆ ಕಾನೂನನ್ನು ರಾತ್ರಿ 11ಕ್ಕೆ ಲುಂಗಿ ಉಟ್ಟು ಹೋಗಿ ಡೊಳ್ಳಿನವರಿಗೆ ಹೇಳಬೇಡಿ. ಆಗ ನಿಮಗೂ ಸಿಟ್ಟು, ಅವರಿಗೂ ಗುಂಗು. ಮಾರನೆಯ ದಿನ ಬೆಳಿಗ್ಗೆ, ಆಮೇಲೆ ಮುಂದಿನ ಕಾರ್ಯಕ್ರಮದ ಎರಡು ದಿನ ಮೊದಲು, ಉತ್ಸವ ಮಂಡಳಿಯ ಹಿರಿಯರೊಬ್ಬರನ್ನು ಹಿಡಿದು, ಮನೆಯಲ್ಲಿ ಪರೀಕ್ಷೆಗೆ ಓದುವವರಿದ್ದಾರೆ, ಮುದುಕರಿದ್ದಾರೆ, ಹತ್ತಕ್ಕೆ ನಿಲ್ಲಿಸಿ ಎಂದರೆ ನಡೆಯುವ ಸಂಭವ ಹೆಚ್ಚು. ಕೇಳದಿದ್ದರೆ 112 ಇದ್ದೇ ಇದೆ. ಮತ್ತು ಆ ಹದಿನೈದು ದಿನಗಳಿಗೆ ನಾನು ಜಗಳ ಬಿಟ್ಟಿದ್ದೇನೆ. ಗಣಪತಿ ವಿಸರ್ಜನೆಯ ರಾತ್ರಿ ನಿದ್ದೆ ಬರಲಿಲ್ಲವೆಂದು ಗೊಣಗುವುದಕ್ಕಿಂತ ಕೆಳಗಿಳಿದು ಮೆರವಣಿಗೆ ನೋಡುವುದು ಸುಲಭ.

ಮನೆಯನ್ನೇ ಬಿಟ್ಟು ಹೊರಟವರು

ಇಷ್ಟು ಹೊತ್ತು ಹೇಳಿದ್ದು ಕಿಟಕಿ ತೆರೆದರೆ ತೀರುವ ಸಂಕಟಗಳಿಗೆ. ಕಿಟಕಿಯೇ ಇಲ್ಲದ ಮನೆಗಳೂ ಇರುತ್ತವೆ.

ನಾಗಪುರದ ನಡುವೆ ದೀಕ್ಷಾಭೂಮಿ ಇದೆ. 1956ರ ಅಕ್ಟೋಬರ್ 14ರಂದು, ವಿಜಯದಶಮಿಯ ದಿನ, ಡಾ. ಬಿ. ಆರ್. ಅಂಬೇಡ್ಕರ್ ಲಕ್ಷಾಂತರ ಜನರ ಜೊತೆ ಬೌದ್ಧಧರ್ಮ ಸ್ವೀಕರಿಸಿದ ಜಾಗ. ಅವರಿಗೆ ದೀಕ್ಷೆ ಕೊಟ್ಟವರು ಕುಶಿನಗರದ ಹಿರಿಯ ಭಿಕ್ಕು ಚಂದ್ರಮಣಿ. ಈಗ ಅಲ್ಲಿರುವ ಸ್ತೂಪವನ್ನು 2001ರಲ್ಲಿ ರಾಷ್ಟ್ರಪತಿ ಕೆ. ಆರ್. ನಾರಾಯಣನ್ ಉದ್ಘಾಟಿಸಿದರು, ಎತ್ತರ 120 ಅಡಿ, ವ್ಯಾಸವೂ 120 ಅಡಿ. ಒಳಗೆ ಟೊಳ್ಳು. ಸಾಮಾನ್ಯ ದಿನಗಳಲ್ಲಿ, ಅದರಲ್ಲೂ ಬೆಳಗಿನ ಹೊತ್ತು, ಆ ಗುಮ್ಮಟದ ಕೆಳಗೆ ಕೂತರೆ ಊರಿನ ಟ್ರಾಫಿಕ್ ಎಲ್ಲೋ ಆಚೆ ದಡದಲ್ಲಿದ್ದಂತೆ ಕೇಳುತ್ತದೆ. ಹೊರಗೆ ಬೋಧಿವೃಕ್ಷವಿದೆ. ದಸರಾ ಹೊತ್ತಿಗೆ ಹೋದರೆ ಮಾತ್ರ ಚಿತ್ರ ಬೇರೆ: ಬಿಳಿ ಸೀರೆ, ಬಿಳಿ ಅಂಗಿಗಳ ಸಮುದ್ರ, ರಾಶಿ ರಾಶಿ ಪುಸ್ತಕದ ಅಂಗಡಿಗಳು. ಕಲಬುರಗಿ, ಬೀದರ ಕಡೆಯಿಂದ ಬಂದವರ ಕನ್ನಡವೂ ಕಿವಿಗೆ ಬೀಳುತ್ತದೆ. ಇಷ್ಟು ದೂರ ಬರಲಾಗದವರಿಗೆ 2009ರಲ್ಲಿ ತೆರೆದ ಕಲಬುರಗಿಯ ಬುದ್ಧವಿಹಾರ ಇದೆ, ಅಲ್ಲಿನ ಧ್ಯಾನಮಂದಿರದಲ್ಲೂ ಕೂರಬಹುದು.

ಮೊದಲೆಲ್ಲ ನಾನು ದೀಕ್ಷಾಭೂಮಿಗೆ ಹೋಗುತ್ತಿದ್ದದ್ದು ಆ ನಿಶ್ಶಬ್ದಕ್ಕಾಗಿ. ಒಂದು ದಸರೆಗೆ ಅಲ್ಲಿ ಪುಸ್ತಕ ಕೊಳ್ಳುತ್ತಿದ್ದ ಆಳಂದ ಕಡೆಯ ಅಜ್ಜಿಯೊಬ್ಬಳನ್ನು ಮಾತಿಗೆಳೆದು, ಇಲ್ಲಿ ಎಷ್ಟು ಶಾಂತಿ ಅಲ್ಲವೇ ಎಂದೆ. ಆಕೆ ಗದ್ದಲದ ಕಡೆ ಕೈ ಮಾಡಿ ನಕ್ಕಳು. "ಶಾಂತಿ ಎಲ್ಲೈತೋ ತಮ್ಮಾ? ಇಲ್ಲಿ ಯಾರೂ ನಮಗ ದೂರ ನಿಲ್ಲು ಅನ್ನಂಗಿಲ್ಲ. ಅದಕ್ಕ ಬರ್ತೀವಿ." ನನ್ನ ಧ್ಯಾನಕ್ಕೆ ಅದುವರೆಗೆ ಹೊಳೆಯದ ಸಂಗತಿ ಅದು. ಅವಮಾನವನ್ನು ಉಸಿರು ನೋಡಿಕೊಂಡು ಕೂತು ಕರಗಿಸಲಾಗುವುದಿಲ್ಲ, ಕರಗಿಸಲೂಬಾರದು. ಅಂಬೇಡ್ಕರ್ 1935ರ ಅಕ್ಟೋಬರಿನಲ್ಲಿ ಯೇವಲಾದಲ್ಲಿ, ಹಿಂದೂವಾಗಿ ಸಾಯುವುದಿಲ್ಲ ಎಂದು ಘೋಷಿಸಿದ್ದರು. ಅಲ್ಲಿಂದ ನಾಗಪುರಕ್ಕೆ ಬರುವಷ್ಟರಲ್ಲಿ 21 ವರ್ಷ ಕಳೆದಿತ್ತು. ಅಷ್ಟು ವರ್ಷ ಓದಿದರು, ತೂಗಿದರು, ಜನರನ್ನು ಜೊತೆಗೆ ಕರೆದರು. ದೀಕ್ಷೆಯಾದ ಎರಡು ತಿಂಗಳೊಳಗೆ, ಡಿಸೆಂಬರ್ 6ರಂದು ತೀರಿಕೊಂಡರು.

ಈ ದೊಡ್ಡ ಕಥೆಯನ್ನು ನಮ್ಮ ಪುಟ್ಟ ತಲೆನೋವುಗಳಿಗೆ ಹೋಲಿಸಲು ಸಂಕೋಚವಾಗುತ್ತದೆ. ಆದರೂ ಅದರಿಂದ ಒಂದು ಕೆಲಸದ ಮಾತು ಕಲಿತಿದ್ದೇನೆ. ಮನಸ್ಸು ಕೆಟ್ಟಾಗ ಒಂದು ಹಾಳೆಯಲ್ಲಿ ಕೆಡಿಸಿದ್ದೇನು ಎಂದು ಬರೆಯುತ್ತೇನೆ, ಬರೆದದ್ದರ ಮುಂದೆ ಒಂದೇ ಪ್ರಶ್ನೆ ಹಾಕುತ್ತೇನೆ: ಇದು ನನ್ನ ತಲೆಯೊಳಗಿನ ಸೆಕೆಯೋ, ಹೊರಗೆ ಯಾರಾದರೂ ಹಚ್ಚಿದ ಬೆಂಕಿಯೋ? ಪ್ರಮೋಷನ್ ತಪ್ಪಿದ ಅಸೂಯೆ ಸೆಕೆ. ಮನೆಯಲ್ಲಿ ಕೈ ಎತ್ತುವ ಗಂಡ, ಸಂಬಳ ಹಿಡಿದುಕೊಂಡು ಹೆದರಿಸುವ ಮಾಲೀಕ, ಜಾತಿ ಎತ್ತಿ ಆಡುವ ಮೇಲಧಿಕಾರಿ, ಇವರು ಬೆಂಕಿ. ಸೆಕೆಗೆ ಕಿಟಕಿ ತೆರೆದರಾಯಿತು. ಬೆಂಕಿ ಬಿದ್ದ ಮನೆಯಲ್ಲಿ ಧ್ಯಾನಕ್ಕೆ ಕೂರು ಎಂದು ಹೇಳುವವರನ್ನು ನಂಬಬೇಡಿ. ಅಲ್ಲಿ ಬೇಕಾದದ್ದು ದೂರು, ವಕೀಲ, ತವರು, ಸಂಘ, ಅಥವಾ ಬೇರೆ ಕೆಲಸ. ಸ್ವಲ್ಪ ಸಮಯ, ಸ್ವಲ್ಪ ಹಣ, ಜೊತೆಗೆ ನಿಲ್ಲುವ ಇಬ್ಬರು. ಹೆಂಗಸರಿಗೆ 181 ಸಹಾಯವಾಣಿ ಇದೆ. ಇವತ್ತೇ ಹೊರಡಲಾಗದಿದ್ದರೆ ಹೊರಡುವ ತಯಾರಿ ಇವತ್ತಿನಿಂದ ಆಗಲಿ. ತಯಾರಿ ಶುರುವಾದ ದಿನದಿಂದಲೇ ನಿದ್ದೆ ಬರತೊಡಗುವುದನ್ನು ನಾನು ಪರಿಚಿತರೊಬ್ಬರಲ್ಲಿ ಕಂಡಿದ್ದೇನೆ.

ಬಾಬಾ ಇದ್ದ ಆಸ್ಪತ್ರೆ

ನಾಗಪುರದ ಆಟೋಗಳ ಮೇಲೆ ಬಿಳಿ ಗಡ್ಡದ ಫಕೀರರೊಬ್ಬರ ಚಿತ್ರ ಅಂಟಿರುತ್ತದೆ. ತಾಜುದ್ದೀನ್ ಬಾಬಾ, 1861ರಿಂದ 1925. ತಾಜ್‌ಬಾಗ್‌ನ ಅವರ ದರ್ಗಾಕ್ಕೆ ಎಲ್ಲ ಧರ್ಮದವರೂ ನಡೆದುಕೊಳ್ಳುತ್ತಾರೆ. ಅವರನ್ನು ಹುಚ್ಚನೆಂದು ಆಗಿನ ಸರ್ಕಾರ ಇಲ್ಲಿನ ಹುಚ್ಚಾಸ್ಪತ್ರೆಗೆ ಸೇರಿಸಿತ್ತು. ಸುಮಾರು 16 ವರ್ಷ ಅಲ್ಲೇ ಇದ್ದರು, ಜನ ಅಲ್ಲಿಗೇ ಹೋಗಿ ಕಾಲಿಗೆ ಬೀಳುತ್ತಿದ್ದರು, 1908ರಲ್ಲಿ ಭೋಸಲೆ ಮನೆತನದ ರಘೂಜಿರಾವ್ ಬಿಡಿಸಿ ತಮ್ಮ ಅರಮನೆಗೆ ಕರೆತಂದರು ಎಂದು ಭಕ್ತರು ಹೇಳುತ್ತಾರೆ. ಈ ಊರಿನವರಿಗೆ ಆ ಆಸ್ಪತ್ರೆಯ ಹೆಸರೆತ್ತಲು ನಾಚಿಕೆಯಿಲ್ಲದಿರಲು ಬಾಬಾ ಕಾರಣವಿರಬಹುದು ಎಂದು ತಮಾಷೆಗೆ ಅಂದುಕೊಳ್ಳುತ್ತೇನೆ. ನಮ್ಮ ಕಡೆ ಇನ್ನೂ "ಧಾರವಾಡದ ಆಸ್ಪತ್ರೆಗೆ ಹಾಕಬೇಕು ನಿನ್ನ" ಎಂಬುದು ಬೈಗುಳ.

ಬೈಗುಳ ಬಿಟ್ಟು ಕೇಳಿ. ಎರಡು ವಾರಕ್ಕಿಂತ ಹೆಚ್ಚು ದಿನ ಯಾವುದರಲ್ಲೂ ಮನಸ್ಸು ನಿಲ್ಲದೆ, ಇಷ್ಟದ ಕೆಲಸವೂ ಬೇಡವಾಗಿ, ನಸುಕಿನಲ್ಲೇ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದೆ, ಊಟ ಸೇರದೆ, ಬದುಕಿ ಏನು ಉಪಯೋಗ ಎನ್ನಿಸುತ್ತಿದ್ದರೆ ಅದು ನೆಮ್ಮದಿ ಇಲ್ಲದಿರುವಿಕೆ ಅಲ್ಲ, ಕಾಯಿಲೆ. ಅದಕ್ಕೆ ಔಷಧವಿದೆ, ಆಪ್ತಸಮಾಲೋಚನೆ ಇದೆ. ಸಾಯುವ ಯೋಚನೆ ಬಂದಿದ್ದರೆ ಎರಡು ವಾರ ಕಾಯುವುದೂ ಬೇಡ, ಆ ಹೊತ್ತಿಗೇ ಯಾರಿಗಾದರೂ ಹೇಳಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ, ಪುಕ್ಕಟೆ. 2022ರ ಅಕ್ಟೋಬರ್ 10ರಂದು ಶುರುವಾದ ಇದಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಭಾಷೆಗಳಲ್ಲಿ ಕನ್ನಡವೂ ಇದೆ. ಪರರಾಜ್ಯದಲ್ಲಿದ್ದವರಿಗೆ ಇದು ಸಣ್ಣ ಮಾತಲ್ಲ. ಎದೆಯೊಳಗಿನದನ್ನು ಎರವಲು ಭಾಷೆಯಲ್ಲಿ ಹೇಳಲು ಬರುವುದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ, ವಿಮಾ ಕಂಪನಿಗಳು ದೇಹದ ಕಾಯಿಲೆಯಂತೆಯೇ ಮನಸ್ಸಿನ ಕಾಯಿಲೆಯ ಚಿಕಿತ್ಸೆಗೂ ವಿಮೆ ಕೊಡಬೇಕೆಂದು ಹೇಳುತ್ತದೆ. ಪಾಲಿಸಿ ನವೀಕರಿಸುವಾಗ ಆ ಸಾಲು ಎಲ್ಲಿದೆ ಎಂದು ಏಜೆಂಟರನ್ನು ಕೇಳಿ.

ನಡಿಗೆ, ನಿದ್ದೆ, ಹೊತ್ತಿಗೆ ಊಟದ ಬಗ್ಗೆ ಎಲ್ಲರೂ ಬರೆಯುತ್ತಾರೆ, ನಾನು ಬಿಟ್ಟಿದ್ದೇನೆ. ನಾಗಪುರದಲ್ಲಿರುವವರಿಗೆ ಒಂದೇ ಸೂಚನೆ: ಫುಟಾಳಾ ಕೆರೆಗೆ ಸಂಜೆ ಹೋಗಬೇಡಿ, ಅಲ್ಲಿ ಈಗ ಜಾತ್ರೆ. ಬೆಳಿಗ್ಗೆ ಆರಕ್ಕೆ ಸೆಮಿನರಿ ಹಿಲ್ಸ್ ಕಡೆ ಹೋಗಿ, ಬರುವಾಗ ತರ್ರಿ ಪೋಹಾ ತಿನ್ನಿ. ಖಾರಕ್ಕೆ ಕಣ್ಣಲ್ಲಿ ನೀರು ಬಂದಾಗ ಬೇರೆ ಯಾವ ಚಿಂತೆಯೂ ನೆನಪಿರುವುದಿಲ್ಲ.

ಜೂನ್ ಮೂರನೆಯ ವಾರ ಮಳೆ ಹಿಡಿಯಿತು. ಗಾಳಿಯಲ್ಲೇ ತೇವ ತುಂಬಿದ ಮೇಲೆ ಕೂಲರ್ ಕೆಲಸಕ್ಕೆ ಬಾರದು, ಎಷ್ಟು ಕಿಟಕಿ ತೆರೆದರೂ ಅಷ್ಟೇ. ಒಂದು ಸಂಜೆ ಸ್ವಿಚ್ ಆರಿಸಿದೆ. ಮೂರು ತಿಂಗಳು ಒಂದೇ ಸಮನೆ ಗುಂಯ್‌ಗುಟ್ಟಿದ ಮೋಟಾರು ನಿಂತಿತು. ಅದರ ಕೆಳಗೆ ಇಷ್ಟು ದಿನ ಅಡಗಿದ್ದ ಸದ್ದುಗಳು ಒಂದೊಂದಾಗಿ ಹೊರಬಂದವು: ಗೋಡೆ ಗಡಿಯಾರ, ತಗಡಿನ ಮೇಲೆ ಹನಿ, ಆ ಕೋಣೆಯಲ್ಲಿ ಮಗ ಮರಾಠಿ ಪದ್ಯ ಬಾಯಿಪಾಠ ಮಾಡುವುದು, ಮಾಳಿಗೆಯ ಮೆಟ್ಟಿಲ ಮೇಲೆ ಇಬ್ಬರು ಹೆಂಗಸರು ನಗುತ್ತ ಓಡಿ ಇಳಿಯುವುದು. ಕಾಕು ಒದ್ದೆ ಸೆರಗು ಹಿಂಡುತ್ತ ಬಾಗಿಲಲ್ಲಿ ನಿಂತರು. ಕೂಲರಿನ ಕಡೆ ಬೆರಳು ತೋರಿಸಿದರು. "ಆರಿಸಿದಿರಾ? ಹಾಗಿದ್ರೆ ಟಾಕಿಯ ನೀರು ಇವತ್ತೇ ಚೆಲ್ಲಿಬಿಡಿ. ನಿಂತ ನೀರಲ್ಲಿ ಡೆಂಗಿ ಸೊಳ್ಳೆ ಆಗ್ತದೆ." ನಾನು ಬಕೆಟ್ ತರಲು ಎದ್ದೆ.